ಬಿಚ್ಚಲು ಬರುತ್ತಿದ್ದ ಕಾರು

ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ 1984ರಲ್ಲಿ ಹಾರ್ನೆಟ್ ಎಂಬ ರೇಡಿಯೊ ಕಂಟ್ರೋಲ್ ಬಗ್ಗಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಇಪ್ಪತ್ತು ವರ್ಷ ಕಳೆದ ಮೇಲೆ, 2004ರಲ್ಲಿ, ಅದೇ ಕಾರನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ಮತ್ತೆ ತಂದಿತು. ಅದರ ಬೆನ್ನಿಗೇ ಗ್ರಾಸ್‌ಹಾಪರ್, ಫ್ರಾಗ್, ಲಂಚ್‌ಬಾಕ್ಸ್ ಬಂದವು. 2007ರಲ್ಲಿ ಹಾಟ್‌ಶಾಟ್, 2010ರಲ್ಲಿ ಸ್ಯಾಂಡ್ ಸ್ಕಾರ್ಚರ್ ಮರಳಿದವು. ಪ್ರತಿಸ್ಪರ್ಧಿ ಕ್ಯೋಶೊ ತನ್ನ 1982ರ ಸ್ಕಾರ್ಪಿಯನ್ ಕಾರನ್ನೂ ಅಮೆರಿಕದ ಟೀಮ್ ಅಸೋಸಿಯೇಟೆಡ್ ತನ್ನ 1984ರ ಆರ್‌ಸಿ10 ಕಾರನ್ನೂ ಹೀಗೆಯೇ ಪುನಃ ಹೊರತಂದವು. ಈ ಡಬ್ಬಿಗಳಿಗಾಗಿ ಕಾದು ಕುಳಿತವರು ಇಂದಿನ ಮಕ್ಕಳಲ್ಲ. ಎಂಬತ್ತರ ದಶಕದಲ್ಲಿ ಮಕ್ಕಳಾಗಿದ್ದು, ಈಗ ಮನೆಸಾಲದ ಕಂತು ಕಟ್ಟುತ್ತಿರುವವರು. ನಡುವಯಸ್ಸಿನ ಚಪಲವೆಂದು ನಕ್ಕು ಸುಮ್ಮನಾಗುವುದು ಸುಲಭ. ಕಂಪನಿಗಳ ಲೆಕ್ಕದಲ್ಲಂತೂ ಇದು ಹಳೆಯ ಹೆಸರಿನಿಂದ ಹೊಸ ಹಣ ಹುಟ್ಟಿಸುವ ವ್ಯಾಪಾರವೇ. ಆದರೂ ಈ ಹಳಹಳಿಕೆಯೊಳಗೆ ನ್ಯಾಯವಾದ ಒಂದು ದೂರು ಇದೆ ಎಂಬುದು ನನ್ನ ವಾದ. ಆ ತಲೆಮಾರಿನ ಕೆಲವರಿಗೆ ಪೂರ್ತಿಯಾಗಿ ಬಿಚ್ಚಿ ನೋಡಬಹುದಾದ ಯಂತ್ರವೊಂದು ಆಟಿಕೆಯ ವೇಷದಲ್ಲಿ ಸಿಕ್ಕಿತ್ತು. ಆಮೇಲೆ ಮನೆಗಳಿಗೆ ಬಂದ ಯಂತ್ರಗಳಲ್ಲಿ ಬಹಳಷ್ಟು ಅಂಟು ಹಾಕಿ ಮುಚ್ಚಿದಂಥವು. ದೂರನ್ನು ಮರೆತು ವಸ್ತುವನ್ನಷ್ಟೇ ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತ ಕುಳಿತರೆ ಮಾತ್ರ ಅದು ನಿಜಕ್ಕೂ ಚಪಲ.

ಜಾತ್ರೆಯ ಅಂಗಡಿಯಲ್ಲಿ ಸಿಗುವ ರಿಮೋಟ್ ಕಾರಿಗೂ ಈ ಕಾರುಗಳಿಗೂ ಇರುವ ಅಂತರವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ತಮಿಯಾದ ಡಬ್ಬಿ ತೆರೆದರೆ ಒಳಗೆ ಕಾರೇ ಇರುತ್ತಿರಲಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿದ್ದ ಭಾಗಗಳು, ಅಕ್ಷರದ ಗುರುತು ಹಾಕಿದ ಚೀಲಗಳಲ್ಲಿ ಸ್ಕ್ರೂಗಳು, ಒಂದು ಪುಟ್ಟ ಗ್ರೀಸ್ ಟ್ಯೂಬು, ಮೋಟಾರು, ಟೈರು, ಸ್ಟಿಕ್ಕರ್ ಹಾಳೆ ಮತ್ತು ಚಿತ್ರಗಳಿಂದಲೇ ತುಂಬಿದ ಕೈಪಿಡಿ. ಇಷ್ಟೇ ಬಂಡವಾಳ. ರೇಡಿಯೊ, ಬ್ಯಾಟರಿ, ಚಾರ್ಜರುಗಳನ್ನು ಬೇರೆಯಾಗಿಯೇ ಕೊಳ್ಳಬೇಕಿತ್ತು. ಕಟ್ಟುವವನು ಡಿಫರೆನ್ಷಿಯಲ್‌ನ ಪುಟ್ಟ ಗೇರುಗಳಿಗೆ ತಾನೇ ಗ್ರೀಸ್ ಸವರಿ ಕೂರಿಸಬೇಕಿತ್ತು. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಹೋಗಬೇಕಾದ್ದರಿಂದ ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲೇಬೇಕು ಎಂಬ ಪಾಠ, ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಇನ್ನೊಂದು ಹಿಂದಕ್ಕೆ ತಿರುಗುವುದನ್ನು ಕಂಡಾಗ ಹತ್ತು ವರ್ಷದ ಮಗುವಿಗೂ ಮನದಟ್ಟಾಗುತ್ತಿತ್ತು. ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗೆ ಬಣ್ಣವನ್ನು ಒಳಮೈಯಿಂದ ಹಚ್ಚಬೇಕು. ಆದ್ದರಿಂದ ಹೊರಗೆ ಮೊದಲು ಕಾಣಬೇಕಾದ ಬಣ್ಣವನ್ನೇ ಮೊದಲು ಬಳಿಯಬೇಕು, ಗಾಢವಾದದ್ದು ಮುಂಚೆ, ತಿಳಿಯಾದದ್ದು ಆಮೇಲೆ. ಹಾಳೆಯ ಮೇಲೆ ಚಿತ್ರ ಬರೆಯುವಾಗಿನ ಕ್ರಮ ಇಲ್ಲಿ ತಲೆಕೆಳಗು. ಸ್ಟೀರಿಂಗಿನಲ್ಲೂ ವ್ಯತ್ಯಾಸವಿತ್ತು. ಅಗ್ಗದ ರಿಮೋಟ್ ಕಾರು ಎಡಕ್ಕೆಂದರೆ ಪೂರ್ತಿ ಎಡಕ್ಕೆ ತಿರುಗುತ್ತದೆ, ಇಲ್ಲವೇ ನೆಟ್ಟಗೆ ಹೋಗುತ್ತದೆ. ಇಲ್ಲಿ ಕೈ ಎಷ್ಟು ತಿರುಗಿತೋ ಅಷ್ಟೇ ಪ್ರಮಾಣದಲ್ಲಿ ಸರ್ವೋ ಮೋಟಾರು ಚಕ್ರವನ್ನು ಹೊರಳಿಸುತ್ತಿತ್ತು.

ಬಿಚ್ಚಿ ನೋಡುವ ಬುದ್ಧಿ ಈ ಕಾರುಗಳಿಗೆ ಹುಟ್ಟಿನಿಂದಲೇ ಬಂದದ್ದು. ತಮಿಯಾದ ಮೊದಲ ರೇಡಿಯೊ ಕಂಟ್ರೋಲ್ ಕಾರು 1976ರ ಪೋರ್ಷೆ 934, ನಿಜವಾದ ಕಾರಿನ ಹನ್ನೆರಡನೇ ಒಂದರಷ್ಟು ಅಳತೆಯದು. ಪೋರ್ಷೆಯ ಮಾದರಿಯನ್ನು ಸರಿಯಾಗಿ ಮಾಡಬೇಕೆಂದು ಕಂಪನಿಯ ಶುನ್ಸಾಕು ತಮಿಯಾ ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು ಬಿಚ್ಚಿ ಹರವಿಸಿದರು ಎಂಬುದು ಆ ಉದ್ಯಮದ ಪ್ರಸಿದ್ಧ ಕಥೆ. 1979ರ ಸ್ಯಾಂಡ್ ಸ್ಕಾರ್ಚರ್ ಈ ಹುಚ್ಚಿನ ಇನ್ನೊಂದು ಫಲ. ಮೇಲೆ ಫೋಕ್ಸ್‌ವ್ಯಾಗನ್ ಬೀಟಲ್ ಬಾಡಿ. ಕೆಳಗಿನ ಲೋಹದ ಸಸ್ಪೆನ್ಷನ್ ಕೂಡ ನಿಜವಾದ ಬೀಟಲ್‌ನ ವಿನ್ಯಾಸವನ್ನೇ ಹೋಲುತ್ತಿತ್ತು. ರೇಡಿಯೊ ಭಾಗಗಳು ನೀರು ಹೊಗದ ಪಾರದರ್ಶಕ ಪೆಟ್ಟಿಗೆಯಲ್ಲಿರುತ್ತಿದ್ದವು. ನೀರಿನಿಂದ ಕಾಪಾಡಲು ಕಪ್ಪು ಪೆಟ್ಟಿಗೆಯೂ ಸಾಕಿತ್ತು. ಒಳಗಿನದು ಕಾಣಲಿ ಎಂದು ಯಾರೋ ನಿರ್ಧರಿಸಿದ್ದರು ಎಂದೇ ನಾನು ಓದಿಕೊಳ್ಳುತ್ತೇನೆ.

ಕಟ್ಟಿದ ಮೇಲೆ ಓಡಿಸುವುದು, ಓಡಿಸಿದ ಮೇಲೆ ಮುರಿಯುವುದು, ಮುರಿದ ಮೇಲೆ ರಿಪೇರಿ. ಆರು ಸೆಲ್‌ಗಳ 7.2 ವೋಲ್ಟ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯ ಸಾಮರ್ಥ್ಯ ಆಗ ಸಾಮಾನ್ಯವಾಗಿ 1200 ಮಿಲಿಆಂಪ್-ಅವರ್. ಇಡೀ ರಾತ್ರಿ ಚಾರ್ಜ್ ಮಾಡಿದರೂ ಆಟ ಕೆಲವೇ ನಿಮಿಷಗಳದು. ವೇಗ ಹಿಡಿತಕ್ಕೆ ಎಲೆಕ್ಟ್ರಾನಿಕ್ ಸಾಧನವಿರಲಿಲ್ಲ. ಸರ್ವೋ ಒಂದು ಲೋಹದ ತೋಳನ್ನು ಕಾಂಟ್ಯಾಕ್ಟುಗಳ ಮೇಲೆ ಎಳೆದಾಡಿಸುತ್ತಿತ್ತು, ಬೇಡದ ವಿದ್ಯುತ್ತನ್ನು ರೆಸಿಸ್ಟರ್ ಶಾಖವಾಗಿ ಸುಡುತ್ತಿತ್ತು. ಶಕ್ತಿ ವ್ಯರ್ಥವಾಗುವುದು ಎಂದರೇನೆಂದು ತಿಳಿಯಲು ಆ ರೆಸಿಸ್ಟರನ್ನು ಒಮ್ಮೆ ಮುಟ್ಟಿದರೆ ಸಾಕಿತ್ತು. ರೇಡಿಯೊ 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತಿತ್ತು. ಒಂದೇ ತರಂಗದಲ್ಲಿ ಇಬ್ಬರು ಓಡಿಸಿದರೆ ಎರಡೂ ಕಾರುಗಳು ಹುಚ್ಚೇಳುವುದರಿಂದ ಪ್ರತಿ ತರಂಗಕ್ಕೂ ಬೇರೆ ಕ್ರಿಸ್ಟಲ್, ಪ್ರತಿ ಕ್ರಿಸ್ಟಲ್‌ಗೂ ಒಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಮೈದಾನಕ್ಕೆ ಬಂದವರು ಸ್ವಿಚ್ ಹಾಕುವ ಮುನ್ನ ಪರಸ್ಪರ ಬಣ್ಣ ಕೇಳಿಕೊಳ್ಳಲೇಬೇಕು. ಅಪರಿಚಿತರನ್ನು ಮಾತಿಗೆಳೆಯುವ ಇಂಥ ತಾಂತ್ರಿಕ ದೋಷವನ್ನು ಇವತ್ತಿನ ಯಾವ ಇಂಜಿನಿಯರೂ ಬೇಕೆಂದು ಇಡಲಾರ, ಬಿಡಿ. ಡಿಕ್ಕಿ ಹೊಡೆದು ಮುಂದಿನ ತೋಳು ಮುರಿದರೆ ಕೈಪಿಡಿಯ ಬಿಡಿನಕ್ಷೆಯಲ್ಲಿ ಅದರ ಗುರುತನ್ನು ಹುಡುಕಿ, ಅಂಗಡಿಯಲ್ಲಿ ಆ ಭಾಗವನ್ನಷ್ಟೇ ಕೇಳಿ ತರಬಹುದಿತ್ತು. ಇಡೀ ಕಾರು ಯಾವತ್ತೂ ಕೆಡುತ್ತಿರಲಿಲ್ಲ. ಅದರ ಒಂದು ಭಾಗ ಕೆಡುತ್ತಿತ್ತು. ಇವೆರಡರ ವ್ಯತ್ಯಾಸ ಅರಿತ ಮಗು ಯಂತ್ರವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ನಂಬಿಕೆಗೆ ಒಂದಿಷ್ಟು ಪುರಾವೆಯೂ ಇದೆ, ಕಲಿಕೆಯ ಬಗ್ಗೆ ಅಲ್ಲದಿದ್ದರೂ ಅಕ್ಕರೆಯ ಬಗ್ಗೆ. ಮೈಕೆಲ್ ನಾರ್ಟನ್, ಡೇನಿಯಲ್ ಮೊಚಾನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬಿಡಿಭಾಗಗಳಲ್ಲಿ ಪೀಠೋಪಕರಣ ಮಾರುವ ಐಕಿಯಾ ಕಂಪನಿಯ ಹೆಸರಿನಿಂದ ಪ್ರಸಿದ್ಧವಾಯಿತು. ಜನರಿಂದ ಡಬ್ಬಿಗಳ ಜೋಡಣೆ ಮಾಡಿಸಿ, ಕಾಗದ ಮಡಿಸಿ ಬೊಂಬೆ ಮಾಡಿಸಿ, ಲೆಗೊ ಕಟ್ಟಿಸಿ, ಅದಕ್ಕೆ ಎಷ್ಟು ಹಣ ಕೊಡುತ್ತೀರಿ ಎಂದು ಕೇಳಿದರು. ತಾವೇ ಮಾಡಿದ ಸೊಟ್ಟ ಕಾಗದದ ಬೊಂಬೆಗೆ ಜನ ಪರಿಣತರು ಮಾಡಿದ್ದಕ್ಕೆ ಸಮೀಪದ ಬೆಲೆ ಕಟ್ಟಿದರು. ಬೇರೆಯವರ ಕಣ್ಣಿಗೆ ಅದೇ ಬೊಂಬೆ ಕಸಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಇಷ್ಟೇ ಆಗಿದ್ದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನೇ ಪ್ರಯೋಗಶಾಲೆಯಲ್ಲಿ ಸಾಬೀತುಮಾಡಿದಂತಾಗುತ್ತಿತ್ತು. ಅಧ್ಯಯನದ ಇನ್ನರ್ಧ ಹೆಚ್ಚು ಮುಖ್ಯ. ಕಟ್ಟಿದ್ದನ್ನು ಮತ್ತೆ ಬಿಚ್ಚಿಸಿದಾಗ ಅಥವಾ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದಾಗ ಆ ಹೆಚ್ಚುವರಿ ಬೆಲೆ ಮಾಯವಾಯಿತು. ಅಂದರೆ ಅಕ್ಕರೆ ಹುಟ್ಟುವುದು ಶ್ರಮದಿಂದಷ್ಟೇ ಅಲ್ಲ, ಶ್ರಮ ಫಲಿಸಿ ಒಂದು ವಸ್ತು ಪೂರ್ಣವಾದಾಗ. ತಮಿಯಾದ ಕೈಪಿಡಿಗಳು ಗೆದ್ದದ್ದು ಇಲ್ಲಿಯೇ. ಯಾವ ಸ್ಕ್ರೂ ಎಲ್ಲಿಗೆ, ಎಷ್ಟು ಉದ್ದದ್ದು ಎಂಬುದನ್ನು ಹಂತಹಂತವಾಗಿ ಚಿತ್ರದಲ್ಲೇ ತೋರಿಸಿ, ಜಪಾನಿ ಭಾಷೆ ಬಾರದವರೂ ಕೊನೆ ಮುಟ್ಟುವಂತೆ ಮಾಡಿದ್ದವು. ಸುಲಭವೂ ಅಲ್ಲದ, ಅಸಾಧ್ಯವೂ ಅಲ್ಲದ ಅಳತೆಯ ಕಷ್ಟವನ್ನು ಅವು ಡಬ್ಬಿಗೆ ತುಂಬಿದ್ದವು.

ಇದನ್ನು ಒಪ್ಪಿದರೆ ಸಂಗ್ರಹಕಾರರ ಮಾರುಕಟ್ಟೆ ವಿಚಿತ್ರವಾಗಿ ಕಾಣತೊಡಗುತ್ತದೆ. ಅಲ್ಲಿ ಅತಿ ಹೆಚ್ಚು ಬೆಲೆ ಯಾರೂ ತೆರೆಯದ, ಒಳಗಿನ ಚೀಲಗಳೂ ಹರಿಯದ ಹಳೆಯ ಡಬ್ಬಿಗೆ. ಒಬ್ಬ ಹುಡುಗ ಕಟ್ಟಿ, ಬಣ್ಣ ಬಳಿದು, ಓಡಿಸಿ, ಗೀರು ಬಿದ್ದ ಕಾರು ಅದರ ಮುಂದೆ ಅಗ್ಗ. ಹಳಹಳಿಕೆಗೆ ಕಾರಣವಾದ ಅನುಭವ ಎಂದೂ ನಡೆಯದ ವಸ್ತುವೇ ಹಳಹಳಿಕೆಯ ಅತ್ಯುನ್ನತ ಸರಕಾಗಿದೆ. ಅಪರೂಪದ್ದಕ್ಕೆ ಬೆಲೆ ಹೆಚ್ಚು ಎಂಬ ಮಾರುಕಟ್ಟೆ ನ್ಯಾಯ ನನಗೂ ಅರ್ಥವಾಗುತ್ತದೆ. ಹಳೆಯ ಮೂಲ ವಿನ್ಯಾಸದ ದಾಖಲೆಯಾಗಿ ಕೆಲವು ಡಬ್ಬಿಗಳು ಹಾಗೇ ಉಳಿಯಲಿ. ಆದರೆ ಕಂಪನಿ ಮರುಬಿಡುಗಡೆ ಮಾಡಿದಾಗ ತಮ್ಮ ಹಳೆಯ ಡಬ್ಬಿಯ ಬೆಲೆ ಇಳಿಯಿತೆಂದು ದೂರುವ ಸಂಗ್ರಹಕಾರ ಬಾಲ್ಯದ ಪರವಾಗಿ ಮಾತಾಡುತ್ತಿಲ್ಲ, ಹೂಡಿಕೆಯ ಪರವಾಗಿ ಮಾತಾಡುತ್ತಿದ್ದಾನೆ. ನನ್ನ ದೃಷ್ಟಿಯಲ್ಲಿ ಮರುಬಿಡುಗಡೆಯೇ ಹೆಚ್ಚು ಪ್ರಾಮಾಣಿಕ. ಹಾರ್ನೆಟ್ ಮರಳಿದ್ದು ಬಿಡಿಭಾಗಗಳ ಕಿಟ್ ಆಗಿಯೇ. ಅದು ಮರಳಿದ್ದರಿಂದ ಅಟ್ಟದಲ್ಲಿ ಕುಂಟಿಕೊಂಡು ಬಿದ್ದಿದ್ದ ಹಳೆಯ ಹಾರ್ನೆಟ್‌ಗಳಿಗೂ ಬಿಡಿಭಾಗ ಸಿಗುವಂತಾಯಿತು.

ಈಗ ಆಕ್ಷೇಪಗಳು. ಆ ಕಾರುಗಳು ಅಷ್ಟೇನೂ ಒಳ್ಳೆಯವಾಗಿರಲಿಲ್ಲ ಎಂಬುದು ಮೊದಲನೆಯದು, ಮತ್ತು ಅದು ಸಂಪೂರ್ಣ ನಿಜ. ಗ್ರಾಸ್‌ಹಾಪರ್‌ನ ಹಿಂಭಾಗದಲ್ಲಿ ಮೋಟಾರು, ಗೇರ್‌ಬಾಕ್ಸ್, ಆಕ್ಸಲ್ ಮೂರೂ ಸೇರಿ ಒಂದೇ ಭಾರದ ಮುದ್ದೆ. ಅದನ್ನು ಹೊತ್ತಿದ್ದು ಎಣ್ಣೆಯಿಲ್ಲದ ಸ್ಪ್ರಿಂಗುಗಳು. ಹಾಗಾಗಿ ಕಾರು ಹೆಸರಿಗೆ ತಕ್ಕಂತೆ ಮಿಡತೆಯ ಹಾಗೆಯೇ ಕುಪ್ಪಳಿಸುತ್ತಿತ್ತು. ಫ್ರಾಗ್‌ನ ಹಿಂಬದಿಯ ಡ್ರೈವ್ ಜೋಡಣೆ ಸವೆಯುತ್ತಿತ್ತು. ಹಾಟ್‌ಶಾಟ್ ಬಿಚ್ಚಿ ಜೋಡಿಸುವುದೆಂದರೆ ತಾಳ್ಮೆಯ ಪರೀಕ್ಷೆ. 1988ರ ಅವಾಂಟೆ ಇನ್ನೂ ಸ್ವಾರಸ್ಯದ ಪ್ರಕರಣ: ದುಬಾರಿ, ನೋಡಲು ಮೋಹಕ, ಯಂತ್ರರಚನೆ ಅತಿ ಜಟಿಲ, ಸ್ಪರ್ಧೆಯಲ್ಲಿ ಮಾತ್ರ ನಿರಾಸೆ. ಇಂದು ಅದು ಆರಾಧ್ಯ ದೈವ. ಆ ದಶಕದಲ್ಲಿ ಗಂಭೀರವಾಗಿ ಗೆಲ್ಲಲು ಹೊರಟವರು ಕೊಳ್ಳುತ್ತಿದ್ದದ್ದು ಆರ್‌ಸಿ10. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊದಲ ಆಫ್‌ರೋಡ್ ವಿಶ್ವ ಚಾಂಪಿಯನ್‌ಶಿಪ್‌ನ ದ್ವಿಚಕ್ರ ಚಾಲನೆಯ ವಿಭಾಗವನ್ನು ಗೆದ್ದದ್ದೂ ಅದೇ. ಇಂದಿನ ಬ್ರಶ್‌ಲೆಸ್ ಮೋಟಾರು, ಲಿಥಿಯಂ ಬ್ಯಾಟರಿ, ಜಗಳವಿಲ್ಲದ 2.4 ಗಿಗಾಹರ್ಟ್ಸ್ ರೇಡಿಯೊ ಎಲ್ಲ ದೃಷ್ಟಿಯಿಂದಲೂ ಮೇಲು. ವಿಷಕಾರಿ ಕ್ಯಾಡ್ಮಿಯಂ ತುಂಬಿದ ಸೆಲ್‌ಗಳು ಮತ್ತೆ ಬರಲಿ ಎಂದು ಹಾರೈಸುವವನಿಗೆ ತಲೆ ಕೆಟ್ಟಿರಬೇಕು. ನನ್ನ ವಾದಕ್ಕೆ ಇದರಿಂದ ಪೆಟ್ಟಿಲ್ಲ. ಹಳೆಯ ಕಾರಿನ ದೋಷ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿತ್ತು. ಏಕೆ ಕುಪ್ಪಳಿಸುತ್ತದೆ ಎಂದು ಕೇಳಿದ ಮಗು ಹಿಂದಿನ ಮುದ್ದೆಯನ್ನು ಕೈಯಲ್ಲಿ ಎತ್ತಿ ಇಳಿಸಿದರೆ ಅರ್ಧ ಉತ್ತರ ಸಿಕ್ಕಿತು. ಬೇರೆ ಸ್ಪ್ರಿಂಗ್ ಹಾಕಿ ನೋಡಿದರೆ ಇನ್ನರ್ಧ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಡಬ್ಬಿಯಿಂದ ತೆಗೆದ ಕೂಡಲೇ ಓಡಿಸಬಹುದಾದ ಕಾರುಗಳನ್ನು ದೊಡ್ಡ ಪ್ರಮಾಣದಲ್ಲಿ ತಂದ ಟ್ರಾಕ್ಸಸ್‌ನಂಥ ಅಮೆರಿಕದ ಕಂಪನಿಗಳು ಹವ್ಯಾಸವನ್ನು ಕೊಲ್ಲಲಿಲ್ಲ, ಹರಡಿದವು. ಕಿಟ್ ಕಟ್ಟಲು ಸಂಜೆಗಳು ಬೇಕು, ಮೇಜು ಬೇಕು, ಕೈ ಹಿಡಿದು ತೋರಿಸುವ ದೊಡ್ಡವರೊಬ್ಬರು ಬೇಕು. ಇವೆಲ್ಲ ಇಲ್ಲದ ಮನೆಯ ಮಗು ಏಕೆ ಹೊರಗುಳಿಯಬೇಕು? ಮೇಲಾಗಿ ಈ ಸಿದ್ಧ ಕಾರುಗಳಿಗೂ ಬಿಡಿನಕ್ಷೆ, ಬಿಡಿಭಾಗ ಎಲ್ಲ ಸಿಗುತ್ತವೆ. ಮೊದಲು ಓಡಿಸಿ, ಮುರಿದಾಗ ಬಿಚ್ಚಿ ಕಲಿಯುವ ದಾರಿಯೂ ದಾರಿಯೇ. ಈ ಮಾತಿನ ಬಹುಭಾಗವನ್ನು ನಾನು ಒಪ್ಪುತ್ತೇನೆ. ತಮಿಯಾ ಕೂಡ ಕಟ್ಟಿದ ಕಾರುಗಳನ್ನು ಮಾರುತ್ತಿದೆ. ಹಾಗಾಗಿ ಗೆರೆ ಎಳೆಯಬೇಕಾದದ್ದು ಕಿಟ್ಟಿಗೂ ಸಿದ್ಧ ಕಾರಿಗೂ ನಡುವೆ ಅಲ್ಲ, ಬಿಚ್ಚಲು ಬರುವುದಕ್ಕೂ ಬಾರದ್ದಕ್ಕೂ ನಡುವೆ. ಒಂದು ತಕರಾರು ಮಾತ್ರ ಉಳಿಯುತ್ತದೆ: ಮುರಿದಾಗಲೇ ಮೊದಲ ಬಾರಿ ತೆರೆಯುವ ಯಂತ್ರವನ್ನು ಮಗು ಸೋಲಿನ ಮೂಲಕ ಪರಿಚಯ ಮಾಡಿಕೊಳ್ಳುತ್ತದೆ, ಅನೇಕ ಮಕ್ಕಳು ಅಲ್ಲಿಗೇ ಕೈಬಿಡುತ್ತವೆ. ಕಟ್ಟಿ ಶುರುಮಾಡಿದವನಿಗೆ ಒಳಗಿನ ದಾರಿ ಆಗಲೇ ಗೊತ್ತಿರುತ್ತದೆ.

ಇದೆಲ್ಲ ಉಳ್ಳವರ ಮನೆಯ ಗಂಡುಹುಡುಗರ ಆಟವಾಗಿತ್ತಲ್ಲ, ಕನ್ನಡದ ಓದುಗನಿಗೆ ಇದರಿಂದೇನು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಜಾಹೀರಾತಿನಲ್ಲಿ ಹೆಣ್ಣುಮಕ್ಕಳು ವಿರಳ, ಬೆಲೆ ಬ್ರಿಟನ್ ಅಮೆರಿಕಗಳಲ್ಲೂ ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್‌ಗೋ ಕಾಯಿಸುವಂಥದ್ದು. ಭಾರತದಲ್ಲಂತೂ ಬಳಕೆಯ ಸಾಮಗ್ರಿಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳ ಕೊನೆಯ ಕಂತು ತೆರವಾದದ್ದೇ 2001ರ ಏಪ್ರಿಲ್ 1ರಂದು. ಹೊರದೇಶದಿಂದ ಬಂದವರ ಸೂಟ್‌ಕೇಸನ್ನು ಬಿಟ್ಟರೆ ಹಾರ್ನೆಟ್ ನಮ್ಮೂರುಗಳಿಗೆ ಬರಲು ಬೇರೆ ದಾರಿಯಿರಲಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಕುಳಿತು ಇಂದು ಮರುಬಿಡುಗಡೆಯ ಕಿಟ್ ತರಿಸಿಕೊಳ್ಳುವವನು ಕಳೆದುಕೊಂಡದ್ದನ್ನು ಮರಳಿ ಪಡೆಯುತ್ತಿಲ್ಲ, ಸಿಗದೇ ಹೋದದ್ದನ್ನು ಪಡೆಯುತ್ತಿರಬಹುದು. ಅದರಲ್ಲಿ ತಪ್ಪಿಲ್ಲ. ಆದರೆ ಬಿಚ್ಚುವ ಅವಕಾಶಕ್ಕೆ ನಮ್ಮಲ್ಲಿ ಬರವಿರಲಿಲ್ಲ. ಸೈಕಲ್ ಶಾಪುಗಳು, ಟ್ರಾನ್ಸಿಸ್ಟರ್ ರಿಪೇರಿಯವರು, ಮಿಕ್ಸಿ, ಫ್ಯಾನು ಬಿಚ್ಚಿ ಕೂರುವ ಅಂಗಡಿಗಳು ಪ್ರತಿ ಪೇಟೆಯಲ್ಲೂ ಇದ್ದವು. ತಮಿಯಾ ಅದನ್ನು ಮಗುವಿನ ಕೈಯಳತೆಗೆ ಇಳಿಸಿ, ಕೈಪಿಡಿ ಕೊಟ್ಟು, ದುಡ್ಡು ಮಾಡಿಕೊಂಡಿತು. ನಮ್ಮಲ್ಲಿ ಅದು ಮಗುವಿನ ಆಟವಾಗದೆ ಹೊಟ್ಟೆಪಾಡಿನ ಕಸುಬಾಗಿಯೇ ಉಳಿಯಿತು, ಓದಿನಲ್ಲಿ ಮುಂದಿದ್ದ ಮಕ್ಕಳನ್ನು ಅದರಿಂದ ದೂರವೇ ಇಟ್ಟೆವು.

ಹಳಹಳಿಕೆಯನ್ನು ಇಂದಿನ ಪ್ರಶ್ನೆಯಾಗಿಸುವುದಾದರೆ ಅದು ನಿಲ್ಲುವುದು ಇಲ್ಲಿ. ದೇಶೀ ಆಟಿಕೆ ಉದ್ಯಮವನ್ನು ಬೆಳೆಸಲೆಂದು ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಜಗತ್ತಿನಾದ್ಯಂತ ಒಪ್ಪಿತವಾದ ಸುಂಕ ವರ್ಗೀಕರಣದ ನಿಯಮದ ಪ್ರಕಾರ, ಜೋಡಿಸದೆ ಬಂದ ಸರಕನ್ನೂ ಜೋಡಿಸಿದ ಸರಕಿನಂತೆಯೇ ಪರಿಗಣಿಸಬೇಕು; ಅಂದರೆ ಸುಂಕದ ಕಟ್ಟೆಯಲ್ಲಿ ಕಿಟ್ಟಿಗೂ ಕಟ್ಟಿದ ಕಾರಿಗೂ ಭೇದವಿಲ್ಲ. ಸುಂಕದ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ರಕ್ಷಣೆ ಪಡೆದ ಉದ್ಯಮ ಏನನ್ನು ತಯಾರಿಸುತ್ತದೆ ಎಂದು ಕೇಳುವ ಹಕ್ಕು ನಮಗಿದೆ ಎನ್ನುತ್ತೇನೆ, ಅಷ್ಟೆ. ಇನ್ನೊಂದೆಡೆ 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಸೆನ್ಸರು, ತ್ರೀಡಿ ಪ್ರಿಂಟರುಗಳಿರುವ ಆ ಕೊಠಡಿಯಿಂದ ಹೊರಬಂದ ಮಗು ಮನೆಯಲ್ಲಿ ಹಿಡಿಯುವ ಆಟಿಕೆಗೆ ಸ್ಕ್ರೂಗಳೇ ಇಲ್ಲದಿದ್ದರೆ ಆ ಕಲಿಕೆ ಶಾಲೆಯ ಗಂಟೆಗೇ ಮುಗಿಯುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಗುರುತಿಸಿದ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು. ಆಟಿಕೆಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಸೇರಿಸುವುದು ಕಷ್ಟದ ಕೆಲಸವೇನಲ್ಲ. ಶೇ 70ರ ಸುಂಕದ ನೆರಳಿನಲ್ಲಿ ವ್ಯಾಪಾರ ಮಾಡುವ ತಯಾರಕರು ಮೋಟಾರು ಇರುವ ಆಟಿಕೆಗಾದರೂ ಅಂಟಿನ ಬದಲು ಸ್ಕ್ರೂ ಹಾಕಲಿ, ಭಾಗಗಳಿಗೆ ಸಂಖ್ಯೆ ಕೊಡಲಿ, ಡಬ್ಬಿಯೊಳಗೆ ಕನ್ನಡದಲ್ಲೂ ಒಂದು ಬಿಡಿನಕ್ಷೆ ಇಡಲಿ, ಗೇರು ಸವೆದರೆ ಗೇರನ್ನಷ್ಟೇ ಮಾರಲಿ. ಬೆಲೆ ಸ್ವಲ್ಪ ಏರುತ್ತದೆ ಎಂದು ಅವರು ಹೇಳುವುದು ಖಚಿತ. ವರ್ಷಕ್ಕೆ ಮೂರು ಕಾರು ಕೊಂಡು ಮೂರನ್ನೂ ಕಸಕ್ಕೆ ಹಾಕುತ್ತಿರುವ ಮನೆಯವರು ಅದನ್ನು ಲೆಕ್ಕ ಹಾಕಿ ನೋಡಬಹುದು.